ಒಲೆ ಇರುವ ಗಾಡಿಗೆ ನಂಬರ್ ಪ್ಲೇಟು

ಐರ್ಲೆಂಡಿನಲ್ಲಿ ಒಂದು ವ್ಯಾನಿಗೆ ಎಷ್ಟು ತೆರಿಗೆ ಬೀಳಬೇಕು ಎಂಬುದನ್ನು ಕೆಲವೊಮ್ಮೆ ಅದರೊಳಗಿನ ಒಲೆ ತೀರ್ಮಾನಿಸುತ್ತದೆ. ಒಲೆಯನ್ನು ಬೋಲ್ಟು ಹಾಕಿ ಭದ್ರವಾಗಿ ಕೂರಿಸಿದ್ದಾರೋ, ಇಲ್ಲ ಬೇಕೆಂದಾಗ ಎತ್ತಿ ಹೊರಗಿಡುವಂಥದ್ದೋ? ಮಲಗುವ ಜಾಗ ನಿಜವಾಗಿ ಮಲಗುವಂತಿದೆಯೋ? ಪಾತ್ರೆ ಬಟ್ಟೆ ಇಡುವ ಕಪಾಟು ಎಲ್ಲಿ? ನಮ್ಮ ಆರ್‌ಟಿಒ ಕಚೇರಿಯ ಮುಂದೆ ನಿಂತು ಅಭ್ಯಾಸವಾದವರಿಗೆ ಈ ಪ್ರಶ್ನೆಗಳು ವಿಚಿತ್ರವೆನಿಸಬಹುದು. ಆದರೆ ಉತ್ತರಕ್ಕೆ ತಕ್ಕಂತೆ ಸಾವಿರಾರು ಯೂರೊ ಹೆಚ್ಚುಕಡಿಮೆಯಾಗುತ್ತದೆ.

ಮನೆಯನ್ನೇ ಹೊತ್ತು ಓಡಾಡುವ ಇಂಥ ಗಾಡಿಗೆ ಕ್ಯಾಂಪರ್‌ವ್ಯಾನ್ ಅನ್ನುತ್ತಾರೆ. ಸರ್ಕಾರಿ ಕಾಗದದಲ್ಲಿ ಅದು ಮೋಟಾರ್ ಕ್ಯಾರವಾನ್. ನಮ್ಮಲ್ಲೂ ಟೆಂಪೊ ಟ್ರಾವೆಲರನ್ನು ಹಾಗೆ ಮಾಡಿಸಿಕೊಂಡು ಸುತ್ತುವವರು ಈಗೀಗ ಅಲ್ಲಲ್ಲಿ ಕಾಣಸಿಗುತ್ತಾರೆ. ಯುರೋಪಿನಲ್ಲಿ ಈ ಹುಚ್ಚು ಹಳೆಯದು. ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಪುಟ್ಟ ಬಸ್ಸಿನಂಥ ವ್ಯಾನನ್ನು 1950ರಲ್ಲಿ ರಸ್ತೆಗಿಳಿಸಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಕಂಪನಿ ಅದರೊಳಗೆ ಹಾಸಿಗೆ ಕಪಾಟು ಜೋಡಿಸಿಕೊಡಲು ಶುರುಮಾಡಿತು.

ಐರ್ಲೆಂಡಿನಲ್ಲಿರುವ ಕನ್ನಡಿಗರಲ್ಲಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿರುವವರು, ವೈದ್ಯರು, ಡಬ್ಲಿನ್ನಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇರುವವರು ಹೆಚ್ಚು. ನಾಲ್ಕಾರು ವರ್ಷ ಕಳೆದು ಒಂದಿಷ್ಟು ಕಾಸು ಕೂಡಿದ ಮೇಲೆ ಹಲವು ಮನೆಗಳಲ್ಲಿ ಈ ವ್ಯಾನಿನ ಮಾತು ಬರುತ್ತದೆ. ಕಾರಣ ಬಹುಪಾಲು ಊಟ. ದೇಶದ ಪಶ್ಚಿಮ ಕರಾವಳಿಯ ಉದ್ದಕ್ಕೂ, ಉತ್ತರದ ಡೊನೆಗಾಲಿನಿಂದ ದಕ್ಷಿಣದ ಕಿನ್‌ಸೇಲ್‌ವರೆಗೆ, ಸುಮಾರು 2,500 ಕಿಲೋಮೀಟರಿನ ಪ್ರವಾಸಿ ದಾರಿ ಇದೆ. ವೈಲ್ಡ್ ಅಟ್ಲಾಂಟಿಕ್ ವೇ ಎಂದು 2014ರಲ್ಲಿ ಅದಕ್ಕೆ ಫಲಕ ಹಾಕಿದರು. ನೋಡಲು ಎರಡು ಕಣ್ಣು ಸಾಲದು. ಆದರೆ ಊರಿನಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋದರೆ, ಆ ಕಡೆಯ ಹಳ್ಳಿಯಲ್ಲಿ ರಾತ್ರಿ ಎಂಟು ಗಂಟೆಗೆ ಅವರು ಉಣ್ಣುವಂಥದ್ದು ಏನು ಸಿಕ್ಕೀತು? ಜೊತೆಗೊಂದು ಒಲೆ, ಒಂದು ಕುಕ್ಕರ್ ಇದ್ದರೆ ಆ ಚಿಂತೆಯೇ ಇಲ್ಲ.

ಹಾಸನದ ಕಡೆಯ ದಂಪತಿ ನನಗೆ ಬಹಳ ಪರಿಚಯ. ಆಕೆ ನರ್ಸ್, ಆತ ಇಂಜಿನಿಯರ್. ಮೀಥ್ ಕೌಂಟಿಯಲ್ಲಿ ಮನೆ. ಅವರು ಬ್ರಿಟನ್ನಿನ ಸೆಕೆಂಡ್ ಹ್ಯಾಂಡ್ ಕ್ಯಾಂಪರ್‌ವ್ಯಾನ್ ಹುಡುಕಿ ಹೊರಟಾಗ ನಾನೂ ಕೆಲವು ಕಡೆ ಜೊತೆಗೆ ಹೋಗಿದ್ದೆ. ನಾನು ಇವತ್ತು ಹೇಳುವುದರಲ್ಲಿ ಅರ್ಧ ಅವರ ಬೆನ್ನುಹತ್ತಿ ಕಲಿತದ್ದು.

ಬ್ರಿಟನ್ನೇ ಯಾಕೆ ಅಂದರೆ, ಐರ್ಲೆಂಡಿನ ಜನಸಂಖ್ಯೆ 50 ಲಕ್ಷಕ್ಕೆ ಸ್ವಲ್ಪ ಹೆಚ್ಚು. ಬೆಂಗಳೂರಿನ ಅರ್ಧದಷ್ಟೂ ಇಲ್ಲದ ಸಂತೆಯಲ್ಲಿ ಹಳೆ ಕ್ಯಾಂಪರ್‌ವ್ಯಾನು ಎಷ್ಟು ಸಿಕ್ಕಾವು? ಸಿಕ್ಕಿದವಕ್ಕೆ ಬೆಲೆ ಜಾಸ್ತಿ. ಪಕ್ಕದ ಬ್ರಿಟನ್ನಿನಲ್ಲಿ ಬೇಕಾದಷ್ಟಿವೆ. ಅಲ್ಲಿಯೂ ಎಡಬದಿಯ ಸಂಚಾರ, ಬಲಗಡೆ ಸ್ಟೇರಿಂಗು, ಅದೇ ಮೂರು ಪಿನ್ನಿನ ಪ್ಲಗ್ಗು. ವೇಲ್ಸಿನ ಹೋಲಿಹೆಡ್ ಬಂದರಿನಲ್ಲಿ ಹಡಗು ಹತ್ತಿಸಿದರೆ ಮೂರೂಕಾಲು ಗಂಟೆಗೆ ಡಬ್ಲಿನ್. ಯುರೋಪಿಯನ್ ಒಕ್ಕೂಟ ಬಿಡುವ ಕುರಿತ 2016ರ ಜನಮತದ ನಂತರ ಪೌಂಡಿನ ಬೆಲೆ ಕುಸಿದಾಗಂತೂ ಬ್ರಿಟನ್ನಿನ ಹಳೆ ಗಾಡಿ ತರುವುದೇ ಒಂದು ದೊಡ್ಡ ವ್ಯಾಪಾರವಾಗಿತ್ತು. ವರ್ಷಕ್ಕೆ ಒಂದು ಲಕ್ಷದ ಆಸುಪಾಸು ಗಾಡಿಗಳು ಬಂದ ವರ್ಷಗಳಿವೆ. ಎರಡೂ ದೇಶ ಆಗ ಇನ್ನೂ ಒಕ್ಕೂಟದೊಳಗೇ ಇದ್ದವು. ಆರು ತಿಂಗಳು ದಾಟಿ 6,000 ಕಿಲೋಮೀಟರಿಗಿಂತ ಹೆಚ್ಚು ಓಡಿದ ಗಾಡಿಗೆ ಗಡಿಯಲ್ಲಿ ಸುಂಕವೂ ಇಲ್ಲ, ವ್ಯಾಟೂ ಇಲ್ಲ. ಐರ್ಲೆಂಡಿಗೆ ತಂದು ನೋಂದಣಿ ತೆರಿಗೆ ಕಟ್ಟಿದರೆ ಮುಗಿಯಿತು. 2021ರ ಜನವರಿ 1ರಿಂದ ಆ ಸುಖ ಹೋಯಿತು. ಅದರ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಗಾಡಿ ನೋಡುವ ಕೆಲಸ. ಹಳೆ ಕಾರು ಕೊಳ್ಳುವಾಗ ನಾವು ಬಾನೆಟ್ ಎತ್ತುತ್ತೇವೆ, ಟೈರು ನೋಡುತ್ತೇವೆ, ಒಂದು ಸುತ್ತು ಓಡಿಸುತ್ತೇವೆ. ಇಲ್ಲಿ ಅದರ ಜೊತೆಗೆ ಮನೆಯನ್ನೂ ನೋಡಬೇಕು. ಆ ದೇಶದ ಮಳೆಗೆ ಕ್ಯಾಂಪರ್‌ವ್ಯಾನಿನ ದೊಡ್ಡ ಶತ್ರು ತೇವ. ಚಾವಣಿಯ ಕಿಟಕಿಯ ಸುತ್ತ ಹಾಕಿದ ರಬ್ಬರು ಬಿರುಕು ಬಿಟ್ಟರೆ ನೀರು ಗೋಡೆಯ ಒಳಗಡೆಯ ಪ್ಲೈವುಡ್ಡಿಗೆ ಇಳಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ನಾವು ಹೋಗಿ ನೋಡಿದ ಒಂದು ಗಾಡಿ ಹೊರಗಿನಿಂದ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಒಳಗೆ ಹೊಸ ಪರದೆ, ಹೊಸ ಕುಶನ್ನು, ಸುಗಂಧದ ಬಾಟಲಿ ಬೇರೆ. ಆಕೆ ಹಿಂದಿನ ಮೂಲೆಯ ಹಾಸಿಗೆ ಎತ್ತಿ, ಕೆಳಗಿನ ಪೆಟ್ಟಿಗೆಯೊಳಗೆ ಕೈ ತೂರಿಸಿದರು.

‘ರೀ, ಇಲ್ಲಿ ಮುಟ್ಟಿ ನೋಡ್ರೀ. ಒತ್ತಿದ್ರೆ ಒಳಗೆ ಹೋಗುತ್ತೆ.’

ಆತ ತೇವ ಅಳೆಯುವ ಪುಟ್ಟ ಮೀಟರ್ ತಂದಿದ್ದರು. ಅದರ ಎರಡು ಮೊಳೆಯನ್ನು ಗೋಡೆಗೆ ಒತ್ತಿದರೆ ಅಂಕಿ ತೋರಿಸುತ್ತದೆ. ಶೇ 15ರ ಒಳಗಿದ್ದರೆ ಚಿಂತೆಯಿಲ್ಲ, 20 ದಾಟಿದರೆ ಎಚ್ಚರ ಬೇಕು, 30ರ ಮೇಲೆ ಹೋದರೆ ಒಳಗಿನ ಚೌಕಟ್ಟೇ ಕೊಳೆಯುತ್ತಿದೆ ಎಂದು ಈ ಕಸುಬಿನವರ ಲೆಕ್ಕ. ಆ ಮೂಲೆಯಲ್ಲಿ 30 ದಾಟಿತ್ತು. ಮಾರುವವರು ಚಳಿಗಾಲದಲ್ಲಿ ಎಲ್ಲ ಗಾಡಿಯೂ ಹೀಗೇ ಎಂದರು. ನಾವು ಚಹಾ ಕುಡಿದು ಎದ್ದು ಬಂದೆವು.

ಆಮೇಲೆ ಕಾಗದ. ಬ್ರಿಟನ್ನಿನ ಆರ್‌ಸಿಗೆ ವಿ5ಸಿ ಎನ್ನುತ್ತಾರೆ, ಬಾಯಿಮಾತಿನಲ್ಲಿ ಲಾಗ್‌ಬುಕ್. ಕೊಡುವುದು ವೇಲ್ಸಿನ ಸ್ವಾನ್ಸಿಯಲ್ಲಿರುವ ಡಿವಿಎಲ್‌ಎ ಎಂಬ ಇಲಾಖೆ. ನಮ್ಮವರು ಇಲ್ಲಿ ಸುಲಭವಾಗಿ ಎಡವುತ್ತಾರೆ. ನಮ್ಮ ಆರ್‌ಸಿಯಲ್ಲಿ ಮಾಲೀಕರ ಹೆಸರಿರುತ್ತದೆ. ಬ್ಯಾಂಕಿನ ಸಾಲ ಇದ್ದರೆ ಅದೂ ಅಲ್ಲೇ ನಮೂದಾಗಿರುತ್ತದೆ, ಸಾಲ ತೀರಿದ ಮೇಲೆ ಎಚ್‌ಪಿ ತೆಗೆಸಬೇಕು. ವಿ5ಸಿಯಲ್ಲಿ ಇರುವುದು ಗಾಡಿ ಇಟ್ಟುಕೊಂಡವರ ಹೆಸರು. ಇದು ಒಡೆತನದ ಪುರಾವೆಯಲ್ಲ ಎಂದು ಅದರ ಮೇಲೆಯೇ ಅಚ್ಚಾಗಿದೆ. ಸಾಲದ ಸುದ್ದಿ ಅದರಲ್ಲಿ ಇರುವುದಿಲ್ಲ. ಸಾಲ ಬಾಕಿ ಇದೆಯೇ, ಗಾಡಿ ಕದ್ದದ್ದೇ, ಅಪಘಾತದಲ್ಲಿ ಜಖಂಗೊಂಡು ವಿಮೆಯವರು ಕೈಬಿಟ್ಟದ್ದೇ ಎಂಬುದನ್ನು ಬೇರೆ ದುಡ್ಡು ಕೊಟ್ಟು ತನಿಖೆ ಮಾಡಿಸಬೇಕು. ಆ ವರದಿಯಲ್ಲಿ ವರ್ಗ ಎಸ್ ಅಥವಾ ಎನ್ ಎಂದಿದ್ದರೆ, ಎಸ್ ಅಂದರೆ ಗಾಡಿಯ ಚೌಕಟ್ಟಿಗೇ ಪೆಟ್ಟು ಬಿದ್ದಿತ್ತು ಎಂದರ್ಥ, ಎನ್ ಅಂದರೆ ಚೌಕಟ್ಟಿಗೆ ಬಿದ್ದಿರಲಿಲ್ಲ.

ಅದೇ ವಿ5ಸಿಯಲ್ಲಿ ಗಾಡಿಯ ಮೈಕಟ್ಟು ಏನು ಎಂಬ ಒಂದು ಸಾಲಿದೆ. ಕಾರ್ಖಾನೆಯಿಂದಲೇ ಕ್ಯಾಂಪರ್ ಆಗಿ ಬಂದದ್ದಾದರೆ ‘ಮೋಟಾರ್ ಕ್ಯಾರವಾನ್’ ಎಂದಿರುತ್ತದೆ. ಯಾರೋ ಸರಕಿನ ವ್ಯಾನು ಕೊಂಡು ಮನೆಯ ಹಿತ್ತಲಿನಲ್ಲಿ ಹಾಸಿಗೆ ಒಲೆ ಕೂರಿಸಿದ್ದಾದರೆ ಅಲ್ಲಿ ಇನ್ನೂ ‘ಪ್ಯಾನೆಲ್ ವ್ಯಾನ್’ ಎಂದೋ ‘ಪಕ್ಕದ ಕಿಟಕಿ ಇರುವ ವ್ಯಾನ್’ ಎಂದೋ ಉಳಿದಿರಬಹುದು. ಬದಲಾಯಿಸಿ ಎಂದು ಕೇಳಿದರೆ ಡಿವಿಎಲ್‌ಎ ಹೊರಗಿನ ಲಕ್ಷಣ ನೋಡುತ್ತದೆ: ಪಕ್ಕದಲ್ಲಿ ಕಿಟಕಿಗಳಿವೆಯೇ, ಬಿಸಿಲುಮರೆಯ ಪರದೆ ಸುತ್ತಿಡುವ ಕಂಬಿ ಇದೆಯೇ, ಚಾವಣಿ ಎತ್ತರವೇ, ಎರಡೂ ಬದಿಗೆ ಕ್ಯಾಂಪರ್ ಗಾಡಿಯ ಚಿತ್ತಾರ ಅಂಟಿಸಿದ್ದಾರೆಯೇ. ರಸ್ತೆಯಲ್ಲಿ ಹೋಗುವ ಪೊಲೀಸಿನವನಿಗೆ ದೂರದಿಂದಲೇ ಅದು ಕ್ಯಾಂಪರ್ ಎಂದು ಕಾಣಬೇಕಂತೆ. ಒಳಗೆ ಅರಮನೆ ಇದ್ದರೂ ಹೊರಗೆ ಬಿಳಿ ಡಬ್ಬದಂತಿದ್ದರೆ ಸಾಲದು. ಹೀಗೆ ಹೊರಗಿನ ಚಿತ್ತಾರ ನೋಡುವ ಇಲಾಖೆಯ ಕಾಗದ ಹಿಡಿದು ಬಂದ ಗಾಡಿ, ಸಮುದ್ರ ದಾಟಿದ ಮೇಲೆ ಒಳಗಿನ ಒಲೆ ನೋಡುವ ಐರ್ಲೆಂಡಿನ ತೆರಿಗೆ ಇಲಾಖೆಯ ಮುಂದೆ ನಿಲ್ಲಬೇಕು. ಒಂದು ಕಡೆ ಪಾಸಾಗಿದ್ದು ಇನ್ನೊಂದು ಕಡೆ ತಾನಾಗಿಯೇ ಪಾಸಾಗುತ್ತದೆಂಬ ಭರವಸೆ ಬೇಡ.

ಈಗ ಗಡಿಯ ಕಥೆ. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನಿಂದ ಬರುವ ಗಾಡಿ ಐರ್ಲೆಂಡಿಗೆ ಹೊರದೇಶದ ಸರಕು. ಕಸ್ಟಮ್ಸ್ ಸುಂಕ ಶೇ 10. ಅದರ ಮೇಲೆ ವ್ಯಾಟ್ ಶೇ 23. ಆ ವ್ಯಾಟ್ ಬೀಳುವುದು ಗಾಡಿಯ ಬೆಲೆ, ಸಾಗಣೆ ಖರ್ಚು ಮತ್ತು ಸುಂಕ ಮೂರೂ ಕೂಡಿದ ಮೊತ್ತದ ಮೇಲೆ. ಬ್ರಿಟನ್ನಿನಲ್ಲೇ ತಯಾರಾದ ಗಾಡಿಗೆ ಮಾತ್ರ ವ್ಯಾಪಾರ ಒಪ್ಪಂದದ ಪ್ರಕಾರ ಸುಂಕ ಮಾಫಿ. ವ್ಯಾಟ್ ಆಗಲೂ ತಪ್ಪಿದ್ದಲ್ಲ.

ಹಾಗಾದರೆ ಗಾಡಿ ಹುಟ್ಟಿದ್ದೆಲ್ಲಿ? ನಮ್ಮ ದಂಪತಿಗೆ ಇಷ್ಟವಾದ ಎರಡನೆಯ ಗಾಡಿ ಫೋಕ್ಸ್‌ವ್ಯಾಗನ್ ಕ್ಯಾಲಿಫೋರ್ನಿಯಾ. ಹೆಸರು ಅಮೆರಿಕದ್ದಾದರೂ ಹುಟ್ಟಿದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಂದರೆ ಐರ್ಲೆಂಡ್ ಇರುವ ಒಕ್ಕೂಟದಲ್ಲೇ. ಹ್ಯಾನೋವರಿನಿಂದ ನೇರ ಬಂದಿದ್ದರೆ ಸುಂಕವಿರುತ್ತಿರಲಿಲ್ಲ. ನಡುವೆ ಇಂಗ್ಲೆಂಡಿನಲ್ಲಿ ಬಾಳಿ ಬಂದದ್ದಕ್ಕೆ ಶೇ 10. ಆ ಹೊತ್ತಿಗೆ ಹಾಸನದಿಂದ ಆತನ ಅಪ್ಪ ಬಂದು ಇವರ ಮನೆಯಲ್ಲಿದ್ದರು. ಲೆಕ್ಕಪತ್ರ ಇಲಾಖೆಯಲ್ಲಿದ್ದು ನಿವೃತ್ತರಾದವರು. ಕಾಗದ ಕೈಗೆ ತೆಗೆದುಕೊಂಡು ಕೇಳಿದರು.

‘ಅಲ್ಲ ಕಣೋ, ಹುಟ್ಟಿದ್ದು ಅವರಲ್ಲೇ, ವಾಪಸ್ ಬರ್ತಿರೋದೂ ಅವರಿಗೇ. ಸುಂಕ ಯಾತಕ್ಕೆ?’

‘ಮಧ್ಯೆ ಬೇರೆಯವರ ಮನೇಲಿ ಇತ್ತಲ್ಲಪ್ಪಾ, ಅದಕ್ಕೆ.’

‘ಅವರ ಮನೇಲಿ ಉಂಡದ್ದಕ್ಕೆ ನೀನು ಬಿಲ್ಲು ಕಟ್ಟಬೇಕಾ?’

ಬ್ರಿಟಿಷ್ ಕಂಪನಿ ಕಟ್ಟಿದ ಕ್ಯಾಂಪರ್‌ಗಳ ಜಾತಕ ಇನ್ನೂ ತೊಡಕಿನದು. ಇಂಗ್ಲೆಂಡಿನ ಹಲ್ ನಗರದ ಸುತ್ತಮುತ್ತ ಕ್ಯಾರವಾನ್ ಕಟ್ಟುವ ಕಾರ್ಖಾನೆಗಳು ಗುಂಪಾಗಿವೆ. ಹಾಸಿಗೆ, ಕಪಾಟು, ಗೋಡೆ ಎಲ್ಲ ಅಲ್ಲಿಯವೇ. ಆದರೆ ಬಹುಪಾಲು ಕ್ಯಾಂಪರ್‌ಗಳ ಅಡಿಯಲ್ಲಿರುವುದು ಫಿಯಟ್ ಡುಕಾಟೊ ಅಥವಾ ಅದರ ಒಡಹುಟ್ಟಾದ ಪೂಜೊ ಬಾಕ್ಸರ್. ಡುಕಾಟೊ ತಯಾರಾಗುವುದು ಇಟಲಿಯ ಅಟೆಸ್ಸಾದ ಕಾರ್ಖಾನೆಯಲ್ಲಿ. ಮನೆ ಇಂಗ್ಲಿಷು, ಕಾಲು ಇಟಾಲಿಯನ್ನು. ಒಟ್ಟು ಗಾಡಿಯನ್ನು ಬ್ರಿಟಿಷ್ ಎನ್ನಬೇಕಾದರೆ ಮೂಲದ ನಿಯಮಗಳ ಪ್ರಕಾರ ಅದಕ್ಕೆ ದಾಖಲೆ ತೋರಿಸಬೇಕು. ಮೂರು ಕೈ ದಾಟಿದ ಹಳೆ ಗಾಡಿಗೆ ಆ ದಾಖಲೆಯನ್ನು ಎಲ್ಲಿಂದ ತರುವುದು? ಸಾಮಾನ್ಯ ಖರೀದಿದಾರರು ಸುಮ್ಮನೆ ಶೇ 10 ಕಟ್ಟಿ ಮುಗಿಸುತ್ತಾರೆ. ಕಸ್ಟಮ್ಸ್ ಘೋಷಣೆಯನ್ನೂ ತಾವೇ ಮಾಡಲು ಹೋಗದೆ ಏಜೆಂಟರ ಕೈಲಿ ಮಾಡಿಸುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಗಾಡಿಯ ಬೆಲೆಯೂ ಹಡಗಿನ ಬಾಡಿಗೆಯೂ ಸೇರಿ 30,500 ಯೂರೊ ಅನ್ನಿ. ಸುಂಕ 3,050. ಎರಡೂ ಕೂಡಿದ ಮೊತ್ತದ ಮೇಲೆ ಶೇ 23ರ ವ್ಯಾಟ್ ಸುಮಾರು 7,716. ಇಲ್ಲಿಗೇ 41,000 ದಾಟಿತು. ಐರ್ಲೆಂಡಿನ ಪೇಟೆಯಲ್ಲಿ ಅಂಥದೇ ಗಾಡಿಗೆ 42,000 ಬೆಲೆ ಎಂದಿಟ್ಟುಕೊಂಡರೆ, ಆ 42,000ದ ಮೇಲೆ ನೋಂದಣಿ ತೆರಿಗೆ ಶೇ 13.3, ಅಂದರೆ 5,586. ಒಟ್ಟು 46,850 ಚಿಲ್ಲರೆ. ಯೂರೊ ಒಂದಕ್ಕೆ ನೂರು ರೂಪಾಯಿ ಹಿಡಿದರೆ, ಮನೆ ಪಕ್ಕದಲ್ಲೇ 42 ಲಕ್ಷಕ್ಕೆ ಸಿಗುತ್ತಿದ್ದ ಗಾಡಿಯನ್ನು ಸಮುದ್ರ ದಾಟಿಸಿ 47 ಲಕ್ಷಕ್ಕೆ ತಂದಂತಾಯಿತು. ಅಪ್ಪ ಈ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ಲಿನಲ್ಲಿ ಮಾಡಿ ಫ್ರಿಜ್ಜಿಗೆ ಅಂಟಿಸಿದರು. ಕ್ಯಾಲಿಫೋರ್ನಿಯಾದ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಉಳಿದ ದಾರಿ ಉತ್ತರ ಐರ್ಲೆಂಡ್. ಅದು ಬ್ರಿಟನ್ನಿನ ಆಡಳಿತಕ್ಕೆ ಸೇರಿದ್ದು. ಆದರೆ ಸರಕಿನ ವಿಷಯದಲ್ಲಿ ವಿಶೇಷ ಒಪ್ಪಂದದಿಂದಾಗಿ ಒಕ್ಕೂಟದ ನಿಯಮಗಳು ಅಲ್ಲಿ ಬಹುಮಟ್ಟಿಗೆ ಉಳಿದುಕೊಂಡಿವೆ. ಗಡಿಯ ಉದ್ದ ಸುಮಾರು 500 ಕಿಲೋಮೀಟರ್, ಒಂದು ಚೆಕ್‌ಪೋಸ್ಟೂ ಇಲ್ಲ. ವೇಗದ ಫಲಕ ಕಿಲೋಮೀಟರಿನಿಂದ ಮೈಲಿಗೆ ತಿರುಗಿದಾಗಲೇ ದೇಶ ಬದಲಾಯಿತೆಂದು ತಿಳಿಯುವುದು. ಅಲ್ಲಿ ನಿಜವಾಗಿ ಬಳಕೆಯಲ್ಲಿದ್ದ ಹಳೆ ಗಾಡಿಗೆ ಸುಂಕವೂ ವ್ಯಾಟೂ ಬೀಳುವುದಿಲ್ಲ. ಆ ‘ನಿಜವಾಗಿ’ ಎಂಬುದಕ್ಕೆ ಪುರಾವೆ ಬೇಕು. ಇಂಗ್ಲೆಂಡಿನಲ್ಲಿ ಗಾಡಿ ಕೊಂಡು, ಬೆಲ್‌ಫಾಸ್ಟಿನ ಒಂದು ವಿಳಾಸ ಹಚ್ಚಿ, ಮರುವಾರ ದಕ್ಷಿಣಕ್ಕೆ ಇಳಿಸುವ ಜಾಣತನವನ್ನು ಅಧಿಕಾರಿಗಳು ಎಂದೋ ಕಂಡಿದ್ದಾರೆ. 2020ರ ಡಿಸೆಂಬರ್ 31ಕ್ಕೆ ಮೊದಲೇ ಗಾಡಿ ಅಲ್ಲಿತ್ತೇ? ಆಮೇಲೆ ಬಂದದ್ದಾದರೆ ಅಲ್ಲಿಗೆ ಬರುವಾಗ ಕಸ್ಟಮ್ಸ್ ಆಗಿತ್ತೇ? ಹಿಂದಿನವರು ಅಲ್ಲಿಯೇ ವಾಸವಿದ್ದು ವಿಮೆ, ವಾರ್ಷಿಕ ತಪಾಸಣೆ ಮಾಡಿಸಿದ ಕಾಗದ ಎಲ್ಲಿ? ಇವನ್ನೆಲ್ಲ ಕೇಳುತ್ತಾರೆ.

ಉತ್ತರ ಐರ್ಲೆಂಡಿನ ನಂಬರ್ ಪ್ಲೇಟಿನ ಅಕ್ಷರಗಳಲ್ಲಿ ಐ ಅಥವಾ ಝಡ್ ಇದ್ದೇ ಇರುತ್ತದೆ. ಅದನ್ನು ನೋಡಿಯೇ ‘ಇದು ಉತ್ತರದ್ದು, ತೊಂದರೆಯಿಲ್ಲ’ ಎಂದು ಮುಂಗಡ ಕೊಟ್ಟವರಿದ್ದಾರೆ. ಝಡ್ ಇದ್ದ ಮಾತ್ರಕ್ಕೆ ಗಾಡಿಯ ಪೂರ್ವಾಪರ ತಿಳಿಯುವುದಿಲ್ಲ. ನಮ್ಮ ದಂಪತಿಗೆ ಕೊನೆಗೆ ಸಿಕ್ಕಿದ್ದು ಉತ್ತರದಲ್ಲಿ ಮೊದಲಿನಿಂದ ಒಬ್ಬರೇ ನಿವೃತ್ತ ಶಿಕ್ಷಕರ ಬಳಿ ಇದ್ದ ಡುಕಾಟೊ. ಆ ಮಹಾನುಭಾವರು ಟೈರು ಬದಲಾಯಿಸಿದ ರಸೀದಿಯನ್ನೂ ಫೈಲು ಮಾಡಿಟ್ಟಿದ್ದರು. ಗಾಡಿಗಿಂತ ಆ ಫೈಲು ನೋಡಿ ಅಪ್ಪನಿಗೆ ಹೆಚ್ಚು ಸಂತೋಷವಾಯಿತು.

ಗಾಡಿ ಐರ್ಲೆಂಡಿನ ನೆಲ ಮುಟ್ಟಿದ ದಿನದಿಂದ ಗಡಿಯಾರ ಶುರು. ಏಳು ದಿನದೊಳಗೆ ನೋಂದಣಿಗೆ ಸಮಯ ಕಾದಿರಿಸಬೇಕು, 30 ದಿನದೊಳಗೆ ನೋಂದಣಿ ಮುಗಿಸಬೇಕು. ತಡವಾದರೆ ದಿನಕ್ಕೆ ತೆರಿಗೆಯ ಶೇ 0.1ರಂತೆ ಹೆಚ್ಚುವರಿ. ನಮ್ಮಲ್ಲಿ ಬೇರೆ ರಾಜ್ಯದ ಗಾಡಿಯನ್ನು ಮರುನೋಂದಣಿ ಮಾಡಿಸಲು ಕೇಂದ್ರ ಕಾಯ್ದೆ 12 ತಿಂಗಳು ಕೊಡುತ್ತದೆ. ಎನ್‌ಒಸಿ ತರಲು ಪುಣೆಗೋ ಚೆನ್ನೈಗೋ ಅಲೆದು ಆ ವರ್ಷವೂ ಸಾಲದೆ ಹೋದವರುಂಟು. ಅಲ್ಲಿ ಒಂದೇ ತಿಂಗಳು. ಐರ್ಲೆಂಡಿನ ನಿವಾಸಿಯಾದವರು ಹೊರದೇಶದ ಪ್ಲೇಟಿನ ಗಾಡಿ ಓಡಿಸುತ್ತಾ ಹೋದರೆ ಅಧಿಕಾರಿಗಳು ರಸ್ತೆಯಲ್ಲೇ ಜಪ್ತಿ ಮಾಡಬಹುದು. ವಿಮೆಗೂ ಇದು ತೊಡಕು: ಐರಿಶ್ ನಂಬರು ಬರುವ ಮೊದಲು ಕೆಲವು ಕಂಪನಿಗಳು ಚಾಸಿ ನಂಬರಿನ ಮೇಲೆ ವಿಮೆ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಗಾಡಿ ಕೊಳ್ಳುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳುವುದು ಕ್ಷೇಮ.

ನೋಂದಣಿ ತೆರಿಗೆಯ ಹೆಸರು ವಿಆರ್‌ಟಿ. 1993ರ ಜನವರಿ 1ರಂದು ಯುರೋಪಿನ ಒಳಗಡಿಗಳು ಸರಕಿಗೆ ತೆರೆದುಕೊಂಡ ದಿನವೇ ಇದು ಜಾರಿಗೆ ಬಂತು. ಅಲ್ಲಿಯವರೆಗೆ ಇದ್ದ ಅಬಕಾರಿ ಸುಂಕವನ್ನು ಗಡಿಯಲ್ಲಿ ವಸೂಲು ಮಾಡುವಂತಿಲ್ಲವಾದಾಗ, ಅದೇ ದುಡ್ಡನ್ನು ನೋಂದಣಿಯ ಬಾಗಿಲಲ್ಲಿ ವಸೂಲು ಮಾಡುವ ಏರ್ಪಾಟು. ಗಾಡಿಯನ್ನು ನೋಡುವುದು ಕಾರು ತಪಾಸಣೆ ಮಾಡುವ ಎನ್‌ಸಿಟಿ ಕೇಂದ್ರಗಳಲ್ಲಿ. ಆದರೆ ಆ ದಿನದ ಪರಿಶೀಲನೆ ನಮ್ಮ ಎಫ್‌ಸಿಯಂಥದ್ದಲ್ಲ. ಬ್ರೇಕು ಹಿಡಿಯುತ್ತದೆಯೇ ಎಂದು ಯಾರೂ ನೋಡುವುದಿಲ್ಲ. ಈ ಗಾಡಿ ಕಾಗದದಲ್ಲಿರುವ ಗಾಡಿಯೇ ಹೌದೇ, ಚಾಸಿ ನಂಬರು ತಾಳೆಯಾಗುತ್ತದೆಯೇ, ಎಷ್ಟು ಓಡಿದೆ, ಯಾವ ಜಾತಿಯದು ಎಂಬುದಷ್ಟೇ ಅಲ್ಲಿನ ಪ್ರಶ್ನೆ.

ಎಲ್ಲ ಬಿಗಿ ಇರುವುದು ಆ ಕೊನೆಯ ಪ್ರಶ್ನೆಯಲ್ಲಿ. ಕಾರು ಎಂದಾದರೆ ಹೊಗೆಯ ಲೆಕ್ಕದ ಮೇಲೆ ಶೇ 7ರಿಂದ 41ರವರೆಗೆ ತೆರಿಗೆ. ಮೇಲೆ ನೈಟ್ರೋಜನ್ ಆಕ್ಸೈಡಿನದೇ ಬೇರೆ ದಂಡ, ಹಳೆ ಡೀಸೆಲ್ ಗಾಡಿಗೆ ಅದೊಂದೇ 4,850 ಯೂರೊವರೆಗೆ ಹೋಗಬಹುದು. ಮೋಟಾರ್ ಕ್ಯಾರವಾನ್ ಎಂದಾದರೆ ಶೇ 13.3. ಅಪ್ಪಟ ಸರಕು ಗಾಡಿಯಾದರೆ ಬಹಳಷ್ಟು ವ್ಯಾನುಗಳಿಗೆ ಬರೀ 200 ಯೂರೊ. ಈ ಇನ್ನೂರು ಎಂಬ ಅಂಕಿ ಅನೇಕರ ನಿದ್ದೆ ಕೆಡಿಸಿದೆ. ಸರಕಿನ ವ್ಯಾನು ಎಂದು ಇನ್ನೂರು ಕಟ್ಟಿ ನೋಂದಾಯಿಸಿ, ಆಮೇಲೆ ನಿಧಾನವಾಗಿ ಒಳಗೆ ಮನೆ ಕಟ್ಟಿದರಾಯಿತಲ್ಲ ಎಂಬ ಯೋಚನೆ ಯಾರಿಗೆ ಬರುವುದಿಲ್ಲ? ಕಾನೂನಿಗೂ ಬಂದಿದೆ. ಗಾಡಿಯ ಸ್ವರೂಪ ಬದಲಾಯಿಸಿದರೆ ಇಲಾಖೆಗೆ ತಿಳಿಸಬೇಕು, ಇಂಜಿನಿಯರ್ ವರದಿ ಕೊಡಬೇಕು, ಆಗಿನ ಬೆಲೆಗೆ ವ್ಯತ್ಯಾಸದ ತೆರಿಗೆ ಕಟ್ಟಬೇಕು. ಸರಕು ಗಾಡಿಯ ದರದಲ್ಲಿ ರಸ್ತೆ ತೆರಿಗೆ ಕಟ್ಟುವವರು ಅದನ್ನು ವ್ಯಾಪಾರಕ್ಕೆ ಮಾತ್ರ ಬಳಸುವೆವೆಂದು ಬರೆದುಕೊಡುವುದೂ ಉಂಟು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸಮುದ್ರ ನೋಡಲು ಹೋಗುವುದು ಯಾವ ವ್ಯಾಪಾರ?

ಮೋಟಾರ್ ಕ್ಯಾರವಾನ್ ಎನಿಸಿಕೊಳ್ಳಲು ಬೇಕಾದದ್ದನ್ನು ಯುರೋಪಿನ ನಿಯಮವೇ ಹೇಳುತ್ತದೆ. ಕೂರಲು ಆಸನ ಮತ್ತು ಮೇಜು, ಮಲಗುವ ಜಾಗ, ಅಡುಗೆಯ ಸೌಲಭ್ಯ, ಸಾಮಾನು ಇಡುವ ಜಾಗ. ಆಸನವೇ ಹಾಸಿಗೆಯಾಗಿ ಬಿಚ್ಚಿಕೊಂಡರೂ ಆಯಿತು. ಎಲ್ಲವೂ ಗಾಡಿಗೆ ಭದ್ರವಾಗಿ ಜೋಡಿಸಿರಬೇಕು. ಮೇಜೊಂದನ್ನು ಮಾತ್ರ ತೆಗೆದಿಡಬಹುದು. ನನಗೆ ಈ ವ್ಯಾಖ್ಯೆ ಬಹಳ ಹಿಡಿಸಿತು. ಮನೆ ಅಂದರೆ ಏನು ಎಂದು ಯಾವ ಸರ್ಕಾರವೂ ಇಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಶೌಚಾಲಯ ಆ ಪಟ್ಟಿಯಲ್ಲಿಲ್ಲ ಎಂಬುದನ್ನು ಅಪ್ಪ ತಕ್ಷಣ ಗುರುತಿಸಿದರು.

ಇನ್ನು ಶೇ 13.3 ಯಾವುದರ ಮೇಲೆ? ನೀವು ಕೊಟ್ಟ ಬೆಲೆಯ ಮೇಲಲ್ಲ. ಐರ್ಲೆಂಡಿನ ಪೇಟೆಯಲ್ಲಿ ಅಂಥ ಗಾಡಿ ಎಷ್ಟಕ್ಕೆ ಹೋಗುತ್ತದೆ ಎಂದು ಇಲಾಖೆ ತಾನೇ ಕಟ್ಟಿದ ಬೆಲೆಯ ಮೇಲೆ. ಮಾಮೂಲಿ ಕಾರುಗಳಿಗೆ ಈ ಬೆಲೆ ಅಂದಾಜಿಸುವುದು ಸುಲಭ, ಒಂದೇ ಮಾದರಿ ಸಾವಿರಾರು ಇರುತ್ತವೆ. ಕ್ಯಾಂಪರ್‌ವ್ಯಾನು ಒಂದರಂತೆ ಇನ್ನೊಂದಿಲ್ಲ. ಒಂದಕ್ಕೆ ಸೋಲಾರ್ ಹಲಗೆ, ಇನ್ನೊಂದಕ್ಕೆ ಬಚ್ಚಲು, ಮತ್ತೊಂದಕ್ಕೆ ಎರಡನೆಯ ಬ್ಯಾಟರಿ. ಹಾಗಾಗಿ ತಕರಾರು ಸಹಜ. ಆ ಬೆಲೆಯೊಳಗೆ ಎಲ್ಲ ತೆರಿಗೆಗಳೂ, ಈ ನೋಂದಣಿ ತೆರಿಗೆ ಕೂಡ, ಸೇರಿರುತ್ತದೆ. ಅಂದರೆ ತೆರಿಗೆಯನ್ನು ಒಳಗೊಂಡ ಬೆಲೆಗೆ ಮತ್ತೆ ಅದೇ ತೆರಿಗೆ. ಕಾನೂನಿನಲ್ಲಿ ಇದಕ್ಕೆ ಏನು ಸಮರ್ಥನೆ ಇದ್ದರೂ ನನಗೆ ಇದು ನ್ಯಾಯ ಅನ್ನಿಸಿಲ್ಲ. ಬೆಲೆ ಹೆಚ್ಚಾಯಿತೆಂದರೆ ಮೇಲ್ಮನವಿ ಹಾಕಬಹುದು. ಮೊದಲು ಪೂರ್ತಿ ಕಟ್ಟಿ, ಆಮೇಲೆ ಜಗಳ. ಅಂಥದೇ ಗಾಡಿಗಳು ಅಲ್ಲಿನ ಪೇಟೆಯಲ್ಲಿ ಎಷ್ಟಕ್ಕೆ ಮಾರಾಟಕ್ಕಿವೆ ಎಂಬ ಜಾಹೀರಾತುಗಳನ್ನು ನೋಂದಣಿಯ ವಾರದಲ್ಲೇ ತೆಗೆದಿಟ್ಟುಕೊಂಡವರ ಜಗಳಕ್ಕೆ ಒಂದಿಷ್ಟು ಬಲ ಇರುತ್ತದೆ.

ತೆರಿಗೆ ಕಟ್ಟಿದೊಡನೆ ಹೊಸ ನಂಬರು ಸಿಗುತ್ತದೆ. ಮೂರು ದಿನದೊಳಗೆ ಪ್ಲೇಟು ಹಾಕಿಸಬೇಕು. ಅಲ್ಲಿನ ನಂಬರು ಓದುವುದು ಸುಲಭ: ಮೊದಲು ವರ್ಷ, ಆಮೇಲೆ ಕೌಂಟಿಯ ಅಕ್ಷರ, ಕೊನೆಗೆ ಸರದಿ. ವರ್ಷ ಅಂದರೆ ಗಾಡಿ ಮೊದಲ ಸಲ ರಸ್ತೆಗಿಳಿದ ವರ್ಷ, ಆಮದಾದ ವರ್ಷವಲ್ಲ. 2013ರಿಂದ ವರ್ಷವನ್ನು ಎರಡು ಭಾಗ ಮಾಡಿದ್ದಾರೆ. ಜನವರಿಯಿಂದ ಜೂನ್‌ವರೆಗೆ 131, ಜುಲೈಯಿಂದ 132, ಹೀಗೆ. ವರ್ಷವಿಡೀ ಗಾಡಿ ಮಾರಾಟ ಸಮನಾಗಿ ಹಂಚಲಿ ಎಂಬುದು ಒಂದು ಕಾರಣ. ಬರೀ 13 ಎಂದಿದ್ದರೆ ಅಪಶಕುನಕ್ಕೆ ಹೆದರಿ ಜನ ಕಾರು ಕೊಳ್ಳರು ಎಂಬ ಅಳುಕೂ ವ್ಯಾಪಾರಿಗಳಿಗಿತ್ತು. ನಮ್ಮಲ್ಲಿ ಮಾತ್ರ ಎಂಟರ ಮೊತ್ತ ಬಂದರೆ ನಂಬರು ಬಿಡುತ್ತಾರೆ ಅಂದುಕೊಂಡಿದ್ದೆ.

ಕೌಂಟಿಯ ಹೆಸರು ಪ್ಲೇಟಿನ ಮೇಲ್ಭಾಗದಲ್ಲಿ ಐರಿಶ್ ಭಾಷೆಯಲ್ಲಿರುತ್ತದೆ, ಸಂಕೇತಾಕ್ಷರ ಇಂಗ್ಲಿಷಿನ ಹೆಸರಿನದು. ಮೀಥ್ ಕೌಂಟಿಗೆ ಎಂಎಚ್. ಪ್ಲೇಟು ಹಾಕಿಸಿ ಮನೆ ಮುಂದೆ ನಿಲ್ಲಿಸಿದಾಗ ಅಪ್ಪ ಹೊರಗೆ ಬಂದು ನೋಡಿ, ‘ಇಷ್ಟೆಲ್ಲ ಮಾಡಿ ಮಹಾರಾಷ್ಟ್ರದ ಗಾಡಿ ತಂದ್ರಾ?’ ಎಂದರು.

ರಸ್ತೆ ತೆರಿಗೆಯಲ್ಲಿ ಮಾತ್ರ ಒಲೆ ಇರುವ ಗಾಡಿಗೆ ಭಾಗ್ಯ. ಮೋಟಾರ್ ಕ್ಯಾರವಾನಿಗೆ ವರ್ಷಕ್ಕೆ 102 ಯೂರೊ. ಸಣ್ಣ ಸರಕು ವ್ಯಾನಿಗೆ 333. ಎಂಜಿನ್ನಿನ ಗಾತ್ರದ ಮೇಲೆ ಕಟ್ಟುವ ಹಳೆಯ ಎರಡೂವರೆ ಲೀಟರಿನ ಕಾರಿಗೆ ಸಾವಿರದ ಮೇಲೆ. ನಮ್ಮಂತೆ ಲೈಫ್ ಟ್ಯಾಕ್ಸ್ ಒಂದೇ ಸಲ ಕಟ್ಟಿ ಮರೆಯುವ ಪದ್ಧತಿ ಅಲ್ಲಿಲ್ಲ. ನೋಂದಣಿ ಪತ್ರ ಶ್ಯಾನನ್ ಊರಿನ ಕಚೇರಿಯಿಂದ ಅಂಚೆಯಲ್ಲಿ ಬರುತ್ತದೆ. ಗಾಡಿ ನಾಲ್ಕು ವರ್ಷ ದಾಟಿದ್ದರೆ ನಿಜವಾದ ಎಫ್‌ಸಿ ಆಗ ಬೇಕು. ಹತ್ತು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಅದು ಕಾರಿನ ಕೇಂದ್ರದಲ್ಲಲ್ಲ, ವಾಣಿಜ್ಯ ವಾಹನ ನೋಡುವ ಕೇಂದ್ರದಲ್ಲಿ.

ಅಲ್ಲಿಗೆ ಹೊಸದಾಗಿ ಹೋಗುವ ನಮ್ಮವರಿಗೆ ಎರಡು ವಿಷಯ. ಒಂದು, ಭಾರತದ ಲೈಸೆನ್ಸನ್ನು ಐರಿಶ್ ಲೈಸೆನ್ಸಿಗೆ ಬದಲಾಯಿಸಿ ಕೊಡುವುದಿಲ್ಲ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದವರೂ ಥಿಯರಿ ಪರೀಕ್ಷೆ, ರಸ್ತೆ ಪರೀಕ್ಷೆ ಎಲ್ಲ ಹೊಸದಾಗಿ ಕೊಡಬೇಕು. ಸಿಕ್ಕ ಸಾಮಾನ್ಯ ಲೈಸೆನ್ಸಿನಲ್ಲಿ ಒಟ್ಟು ತೂಕ 3,500 ಕಿಲೋ ಮೀರದ ಗಾಡಿ ಓಡಿಸಬಹುದು. ದೊಡ್ಡ ಕ್ಯಾಂಪರ್‌ಗಳು ಅದನ್ನು ದಾಟುತ್ತವೆ, ಕಾಗದದಲ್ಲಿ ತೂಕ ನೋಡಿಕೊಳ್ಳಿ. ಇನ್ನೊಂದು, ಬ್ರಿಟನ್ನಿನಲ್ಲಿ ಕೆಲಸದಲ್ಲಿದ್ದು ಐರ್ಲೆಂಡಿಗೆ ಬದಲಾಗುವ ನರ್ಸುಗಳು, ವೈದ್ಯರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅವರು ಅಲ್ಲಿ ಕನಿಷ್ಠ ಆರು ತಿಂಗಳು ಸ್ವಂತ ಹೆಸರಿನಲ್ಲಿ ಇಟ್ಟುಕೊಂಡು ಬಳಸಿದ ಗಾಡಿಯನ್ನು ವಾಸಸ್ಥಳ ಬದಲಾವಣೆಯ ಹೆಸರಿನಲ್ಲಿ ನೋಂದಣಿ ತೆರಿಗೆಯಿಲ್ಲದೆ ತರಬಹುದು. ಒಕ್ಕೂಟದ ಹೊರಗೆ ಸತತ 12 ತಿಂಗಳು ವಾಸವಿದ್ದವರಿಗೆ ಸುಂಕ, ವ್ಯಾಟಿನಲ್ಲೂ ವಿನಾಯಿತಿ ಇದೆ. ತಂದ ಮೇಲೆ ಒಂದು ವರ್ಷ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಈ ವಿನಾಯಿತಿ ಗೊತ್ತಿಲ್ಲದೆ, ಬರುವ ಮೊದಲು ಒಳ್ಳೆಯ ಗಾಡಿಯನ್ನು ಅಗ್ಗಕ್ಕೆ ಮಾರಿ ಬಂದವರನ್ನು ಕಂಡಿದ್ದೇನೆ.

ಊರಿಗೆ ಮರಳುವಾಗ ಇದನ್ನು ಹಾಸನಕ್ಕೆ ತರಬಹುದೇ ಎಂದು ಅಪ್ಪ ಕೇಳಿದ್ದರು. ಭಾರತಕ್ಕೆ ತರುವ ಹಳೆ ಗಾಡಿ ತಯಾರಾಗಿ ಮೂರು ವರ್ಷ ಮೀರಿರಬಾರದು, ಬಲಗಡೆ ಸ್ಟೇರಿಂಗ್ ಇರಬೇಕು, ಮುಂಬೈ ಬಂದರಿನಲ್ಲೇ ಇಳಿಸಬೇಕು. ಏಳೆಂಟು ವರ್ಷದ ಡುಕಾಟೊಗೆ ಆ ಬಾಗಿಲು ಮುಚ್ಚಿದೆ.

ಬ್ರಿಟನ್ನಿನ ಆಸೆ ಬಿಟ್ಟವರು ಈಗ ಜರ್ಮನಿ, ನೆದರ್‌ಲ್ಯಾಂಡ್ಸ್ ಕಡೆ ನೋಡುತ್ತಿದ್ದಾರೆ. ಒಕ್ಕೂಟದೊಳಗಿನ ದೇಶಗಳಾದ್ದರಿಂದ ಹಳೆ ಗಾಡಿಗೆ ಸುಂಕವಿಲ್ಲ, ಗಡಿಯ ವ್ಯಾಟ್ ಇಲ್ಲ. ನೋಂದಣಿ ತೆರಿಗೆ ಒಂದೇ. ಲೆಕ್ಕದಲ್ಲಿ ಅದೇ ಸರಿ. ಆದರೆ ಕೊಳ್ಳುವ ಮುನ್ನ ಗಾಡಿಯ ಬಲಪಕ್ಕಕ್ಕೆ ಹೋಗಿ ನಿಂತು ನೋಡಿ. ಅಲ್ಲಿ ಬಲಬದಿಯ ಸಂಚಾರವಾದ್ದರಿಂದ ಮನೆಯ ಬಾಗಿಲು ಸಾಮಾನ್ಯವಾಗಿ ಬಲಗಡೆಗೆ ತೆರೆಯುತ್ತದೆ. ಅಂಥ ಗಾಡಿಯನ್ನು ಐರ್ಲೆಂಡಿನ ಹಳ್ಳಿರಸ್ತೆಯ ಎಡ ಅಂಚಿನಲ್ಲಿ ನಿಲ್ಲಿಸಿದರೆ ಮಕ್ಕಳು ಬಾಗಿಲು ತೆರೆದು ಇಳಿಯುವುದು ಓಡುವ ಗಾಡಿಗಳ ನಡುವೆ. ಹೆಡ್‌ಲೈಟಿನ ಬೆಳಕೂ ಬಲಕ್ಕೆ ಬಾಗಿರುತ್ತದೆ, ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ತಪಾಸಣೆಯಲ್ಲಿ ಪಾಸಾಗುವುದಿಲ್ಲ. ಎರಡು ಹೊಸ ಹೆಡ್‌ಲೈಟಿನ ಬೆಲೆಯನ್ನು ಮೊದಲೇ ಕೇಳಿಕೊಂಡು ಆಮೇಲೆ ಮುಂಗಡ ಕೊಡಿ.